ಬೇಲಿಯೊಳಗಿನ ಕುರಿಗಳು

ಎಂಬತ್ತರ ದಶಕದಲ್ಲಿ ದೇವದುರ್ಗದ ಜಾಲಹಳ್ಳಿಯ ಬಳಿ ಸೇನೆಯ ಉಪಗ್ರಹ ಸಂಪರ್ಕ ಕೇಂದ್ರವನ್ನು ಆಧುನೀಕರಿಸುವ ಹೊಣೆ ಮಹಿಳಾ ಎಂಜಿನಿಯರಾದ ನನ್ನದಾಗಿತ್ತು. ಹೊಸ ಆಂಟೆನಾಕ್ಕಾಗಿ ಹುಲ್ಲುಗಾವಲಿಗೂ ಬೇಲಿ ಹಾಕಿಸಿದಾಗ, ಕುರಿ ಕಾಯುವ ಹಿರಿಯ ಹೆಂಗಸೊಬ್ಬರು ಎದುರು ನಿಂತರು.

"ಮುಗಿಲು ನೋಡಾಕ ನೆಲಕ್ಯಾಕ ಬೇಲಿ, ಬಾಯಾರ? ನನ್ನ ಕುರಿ ಎಲ್ಲಿ ಮೇಯಬೇಕು?"

"ಇದು ಗುಟ್ಟಿನ ಜಾಗ, ಯವ್ವಾ. ಹೊರಗಿನವರು ಒಳಗ ಬರಂಗಿಲ್ಲ."

"ನಾ ಹೊರಗ ಕುಂದರ್ತೀನಿ, ಕುರಿ ಹೋಗ್ಲಿ. ಅವೇನು ಯಾರ ಮುಂದರ ಹೇಳ್ತಾವೇನ್ರಿ?"

ಪಹರೆಯ ಸಿಪಾಯಿ ನಕ್ಕುಬಿಟ್ಟ. ನಿಯಮಾವಳಿಯ ಪುಟ ತಿರುವಿ ನೋಡಿದೆ, ಅದು ಮನುಷ್ಯರನ್ನು ಮಾತ್ರ ನಿಷೇಧಿಸಿತ್ತು. ಗೇಟು ತೆರೆಸಿದೆ.

ಕುರಿಗಳು ಹುಲ್ಲನ್ನೆಲ್ಲ ಮೇಯ್ದು, ಒಣಹುಲ್ಲಿಗೆ ಬೆಂಕಿ ತಗುಲಿ ಕೇಬಲ್ಲುಗಳು ಸುಟ್ಟಾವೆಂಬ ಭಯವೂ ತೀರಿದ್ದರಿಂದ, ಹುಲ್ಲು ಕತ್ತರಿಸುವ ಯಂತ್ರದ ಬೇಡಿಕೆಯನ್ನು ಕೈಬಿಟ್ಟೆ. ದೆಹಲಿಯ ಹಣಕಾಸು ಅಧಿಕಾರಿಗಳು ನನ್ನ ಮಿತವ್ಯಯವನ್ನು ಮನಸಾರೆ ಶ್ಲಾಘಿಸಿದರು. ಅವರು ಕಾರಣ ಕೇಳಲಿಲ್ಲ. ನಾನು ಶ್ಲಾಘನೆಯನ್ನು ಸಂಕೋಚವಿಲ್ಲದೆ ಸ್ವೀಕರಿಸಿದೆ.