ಡಾಕ್ಟರ ದನಿಯಲ್ಲಿ ಎರಡು ತೊಟ್ಟು

ನಮ್ಮ ಮನೆಯ ಬೆಕ್ಕು ಯಾವತ್ತಿನಿಂದ ತಲೆ ಕೊಡವತೊಡಗಿತು ಎಂದು ನನಗೆ ನೆನಪಿಲ್ಲ. ನಾನು ಅದನ್ನು ಅಣಕಿಸತೊಡಗಿದ ದಿನ ಮಾತ್ರ ಚೆನ್ನಾಗಿ ನೆನಪಿದೆ. ಮೊದಲು ಬಲಗಿವಿ ಪಕ್ಕಕ್ಕೆ ಮಲಗುವುದು, ಆಮೇಲೆ ತಲೆ ಪಟಪಟ ಒದರುವುದು, ಆಮೇಲೆ ಹಿಂಗಾಲೆತ್ತಿ ಕಣ್ಣು ಮುಚ್ಚಿಕೊಂಡು ಕಿವಿ ಕೆರೆಯುವುದು. ಊಟದ ಹೊತ್ತಿನಲ್ಲಿ ನಾನು ಇದನ್ನು ಮಾಡಿ ತೋರಿಸಿದಾಗ ಅಮ್ಮನಿಗೆ ನಗು ತಡೆಯದೆ ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಕಿಬ್ಬನಹಳ್ಳಿ ಕ್ರಾಸಿನ ಟೀ ಅಂಗಡಿಯಲ್ಲಂತೂ ನಾನು ಬೈಕ್ ಇಳಿಯುವ ಮೊದಲೇ ಗೆಳೆಯರು ಕೂಗುತ್ತಿದ್ದರು: "ಲೇ, ಬೆಕ್ಕು ಮಾಡ್ಲಾ!"

ನಾನು ಯಾರನ್ನೂ ಬಿಟ್ಟವನಲ್ಲ. ಶೆಟ್ಟಿಕೆರೆ ಬಸ್ಸಿನ ಕಂಡಕ್ಟರು, ಸೀನುವ ಮುಂಚೆ ಎರಡು ನಿಮಿಷ ಆಕಾಶ ನೋಡುವ ನಮ್ಮಪ್ಪ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂರನೇ ಸಲ ಫೇಲಾಗಿ ಹಿತ್ತಲ ಬಾಗಿಲಿಂದ ಮನೆಗೆ ಬರುವ ನಾನು, ಎಲ್ಲರೂ ನನ್ನ ಪಟ್ಟಿಯಲ್ಲಿದ್ದರು. ಬೆಕ್ಕಿಗೆ ಮಾತ್ರ ಯಾಕೆ ರಿಯಾಯಿತಿ?

ನಗದೆ ಇದ್ದವರು ಅಜ್ಜಿ ಒಬ್ಬರೇ. ನಮ್ಮ ಅಟ್ಟದ ಮೇಲೆ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಒಣಗುತ್ತವೆ. ಒಳಗಿನ ನೀರು ಪೂರ್ತಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಯಿತೇ ಇಲ್ಲವೇ ಎಂದು ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನಮ್ಮ ಮನೆಯಲ್ಲಿ ಆ ಕಿವಿ ಅಜ್ಜಿಯದು. ಅಪ್ಪ ಆಗಿದೆ ಅಂದ ಕಾಯನ್ನು ಅಜ್ಜಿ ಒಂದು ಸಲ ಅಲ್ಲಾಡಿಸಿ ಮತ್ತೆ ಅಟ್ಟಕ್ಕೆ ಕಳಿಸಿದ್ದುಂಟು. ಅಟ್ಟದಲ್ಲಿ ಇಲಿ ಕಾಯುವ ಬೆಕ್ಕೂ ಅಜ್ಜಿಯದೇ. ಹಗಲೆಲ್ಲ ಮೇಲೆ ಕಾಯಿಗಳ ನಡುವೆ ಮಲಗುತ್ತದೆ, ಅಜ್ಜಿ ಊಟಕ್ಕೆ ಕೂತರೆ ಇಳಿದು ಬಂದು ಅವರ ಸೆರಗಿನ ಮೇಲೆ ಕೂರುತ್ತದೆ.

ಒಂದು ದಿನ ಅಜ್ಜಿ ಬೆಕ್ಕನ್ನು ಮಡಿಲಲ್ಲಿ ಹಿಡಿದುಕೊಂಡು, ಅದರ ಕಿವಿಯ ಬುಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಸುಕಿ, ಕಾಯಿಗೆ ಕೊಡುವ ಹಾಗೇ ತಮ್ಮ ಕಿವಿ ಕೊಟ್ಟರು.

"ಪಚಪಚ ಅಂತೈತೆ. ಇದ್ರೊಳಗೆ ನೀರೈತೆ ಕಣ್ಲಾ."

"ಹಂಗಾರೆ ಇನ್ನೆರಡು ತಿಂಗ್ಳು ಅಟ್ಟದ ಮ್ಯಾಲೆ ಬುಡಜ್ಜಿ," ಅಂದೆ. "ಉಂಡೆ ಬೆಕ್ಕು ಆಗ್ತದೆ."

ಅದೂ ಟೀ ಅಂಗಡಿಗೆ ಹೋಯಿತು. ಚಪ್ಪಾಳೆಯೂ ಬಿತ್ತು.

ಅಜ್ಜಿ ತಮಗೆ ತಿಳಿದದ್ದು ಮಾಡಿದರು. ನಮ್ಮ ಕಡೆ ತಲೆನೋವಿಗೂ ಕೊಬ್ಬರಿ ಎಣ್ಣೆ, ಸುಟ್ಟ ಗಾಯಕ್ಕೂ ಕೊಬ್ಬರಿ ಎಣ್ಣೆ, ಕಿರುಗುಟ್ಟುವ ಬಾಗಿಲಿಗೂ ಕೊಬ್ಬರಿ ಎಣ್ಣೆ. ಬೆಚ್ಚಗೆ ಮಾಡಿ ಹತ್ತಿಯಲ್ಲಿ ಅದ್ದಿ ಒರೆಸಿದರೆ ಬೆಕ್ಕಿನ ಕಿವಿಯಿಂದ ಕಾಫಿ ಗಸಿಯಂಥ ಕಪ್ಪು ಕೊಳೆ ಬಂತು. ಎರಡು ದಿನ ಸುಮ್ಮನಿತ್ತು, ಮತ್ತೆ ಕೆರೆತ. ಅಷ್ಟರಲ್ಲಿ ಬಾಗಿಲ ನಾಯಿಯೂ ತಲೆ ಓರೆ ಮಾಡಿಕೊಂಡು ಓಡಾಡತೊಡಗಿತ್ತು. "ದನದ ಡಾಕ್ಟ್ರಿಗೆ ಒಂದು ಫೋನ್ ಮಾಡ್ಲಾ," ಎಂದು ಅಜ್ಜಿ ದಿನಾ ಹೇಳುವುದು, ನಾನು ಹೂಂ ಅನ್ನುವುದು. ಹೀಗೇ ಒಂದು ವಾರ.

ಪಕ್ಕದೂರಿನ ಪಶು ಆಸ್ಪತ್ರೆಯ ಡಾಕ್ಟರು ಹುಬ್ಬಳ್ಳಿ ಕಡೆಯವರು. ಹಿಂದಿನ ತಿಂಗಳು ನಮ್ಮ ಹಸುವಿಗೆ ಹತ್ತಿದ್ದ ಉಣ್ಣೆಹುಳ ನೋಡಲು ಬಂದು ಒಂದು ಬಾಟಲಿ ಔಷಧಿ ಕೊಟ್ಟಿದ್ದರು. ಅವರು ಹೋಗುವ ಹೊತ್ತಿಗೆ ಅವರ ದನಿ ನನ್ನ ಗಂಟಲಲ್ಲಿ ಇಳಿದಾಗಿತ್ತು. ಮಾತಿಗೆ ಮುಂಚೆ ಒಂದು ಕೆಮ್ಮು, ಕೊನೆಗೆ "ತಿಳೀತಿಲ್ರಿ?" ಅನ್ನುವ ಏರುದನಿ.

ಎಂಟನೇ ದಿನ ಬೆಳಿಗ್ಗೆಯೂ ಅಜ್ಜಿ ಫೋನಿನ ವಿಷಯ ಎತ್ತಿದಾಗ ನನಗೆ ಕೈ ತುರಿಸಿತು. ಕೊಟ್ಟಿಗೆಯ ಹಿಂದೆ ನಿಂತು ನನ್ನ ಮೊಬೈಲಿನಿಂದಲೇ ಅಜ್ಜಿಯ ಗುಂಡಿ ಫೋನಿಗೆ ಕರೆ ಮಾಡಿದೆ. ಅವರು ನಂಬರು ನೋಡುವವರಲ್ಲ, ದನಿ ಕೇಳುವವರು.

"ನಮಸ್ಕಾರ್ರೀ ಅಮ್ಮಾರ. ಪಶು ಆಸ್ಪತ್ರಿಯಿಂದ ಮಾತಾಡಾಕ್ಹತ್ತೀನ್ರಿ. ನಿಮ್ಮ ಮೊಮ್ಮಗ ಫೋನ್ ಮಾಡಿದ್ದಾ, ಬೆಕ್ಕಿಂದು."

"ಊ ಸ್ವಾಮಿ," ಅಜ್ಜಿಯ ದನಿಯಲ್ಲಿ ಎಂಥ ನೆಮ್ಮದಿ! "ಕಿವಿ ಕೆರ್ಕೊಂಡು ಕೆರ್ಕೊಂಡು ಸಾಯ್ತದೆ. ಏನ್ ಮಾಡಾನ?"

ಮುಂದಿನ ಮಾತು ನಾನು ಯೋಚಿಸಿರಲಿಲ್ಲ. ಡಾಕ್ಟರು ಹಸುವಿಗೆ ಹೇಳಿದ್ದೇ ಬಾಯಲ್ಲಿತ್ತು, ಅದನ್ನೇ ಬಿಟ್ಟೆ. "ಚಿಂತಿ ಮಾಡಬ್ಯಾಡ್ರಿ. ಆ ಉಣ್ಣಿ ಔಷಧ ಐತಲ್ರಿ, ಅದನ್ನ ಎರಡು ತೊಟ್ಟು ಹಚ್ರಿ. ಕಮ್ಮಿ ಆಕ್ಕೈತಿ. ತಿಳೀತಿಲ್ರಿ?" ಬಕೆಟ್ ನೀರಿಗೆ ಬೆರೆಸಿ ಎಂದು ಅವರು ಹೇಳಿದ್ದ ಭಾಗವನ್ನು ಕೈಬಿಟ್ಟೆ. ಅದು ಮಾತಿನ ಓಟ ಕೆಡಿಸುತ್ತಿತ್ತು.

ಒಳಗೆ ಹೋಗಿ "ನಾನೇ ಕಣಜ್ಜಿ" ಎಂದು ನಗಿಸಬೇಕು ಅನ್ನುವಷ್ಟರಲ್ಲಿ ಗೆಳೆಯನ ಬೈಕು ಹಾರನ್ ಹೊಡೆಯಿತು. ಹೋದೆ. ಕ್ರಾಸಿನಲ್ಲಿ ಇಡೀ ಪ್ರಸಂಗವನ್ನು, ಅಜ್ಜಿಯ ನೆಮ್ಮದಿಯ ಸಮೇತ, ಎರಡು ಸಲ ಮಾಡಿ ತೋರಿಸಿದೆ. ನಾನು ಅಲ್ಲಿ ಅಜ್ಜಿಯಾಗಿ "ಊ ಸ್ವಾಮಿ" ಅನ್ನುತ್ತಿದ್ದ ಹೊತ್ತಿಗೆ ಇಲ್ಲಿ ಅಜ್ಜಿ ಸ್ಟೂಲು ಹತ್ತಿ ಕೊಟ್ಟಿಗೆಯ ಗೂಡಿನಿಂದ ಬಾಟಲಿ ಇಳಿಸುತ್ತಿದ್ದರು.

ಮೂರು ಗಂಟೆಗೆ ಮನೆಗೆ ಬಂದೆ. ಬೆಕ್ಕು ನಡುಮನೆಯಲ್ಲಿ ಕಾಲು ಚಾಚಿ ಬಿದ್ದಿತ್ತು. ಮೈಯೆಲ್ಲ ನಡುಕ, ಬಾಯಿಂದ ಜೊಲ್ಲು. ಏಳಲು ಹೋದರೆ ಹಿಂಗಾಲು ಬೇರೆ ಯಾರದೋ ಎಂಬಂತೆ ಜಾರುತ್ತಿತ್ತು. ನಾಚಿಕೆಗೇಡಿನ ಮಾತು, ಆದರೂ ಹೇಳುತ್ತೇನೆ: ಇದು ನನ್ನನ್ನು ಅಣಕಿಸುತ್ತಿದೆ ಎಂದೇ ಮೊದಲು ನನಗೆ ಅನ್ನಿಸಿದ್ದು.

"ಡಾಕ್ಟ್ರು ಹೇಳ್ದಂಗೇ ಮಾಡಿವ್ನಿ ಕಣ್ಲಾ," ಅಜ್ಜಿ ನೆಲದ ಮೇಲೆ ಕೂತು ಅದರ ತಲೆ ಹಿಡಿದುಕೊಂಡಿದ್ದರು. "ಎರಡೇ ತೊಟ್ಟು. ಕಿವಿಗೆ ಎರಡೆರಡೇ. ನಾಯಿಗೂ ಹಾಕಾನ ಅಂತಿದ್ದೆ, ಅಷ್ಟ್ರಲ್ಲಿ ಇದು ಹಿಂಗಾಯ್ತು."

ನಿಜವಾದ ಡಾಕ್ಟರಿಗೆ ಫೋನ್ ಮಾಡಿದೆ. ಉಣ್ಣೆ ಔಷಧಿ ಎಂದ ಕೂಡಲೇ ಅವರ ದನಿ ಬದಲಾಯಿತು. ಇಂಥ ದನಿ ಅವರಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಪಾತ್ರಿ ತೊಳಿಯೂ ಸಾಬೂನು ಹಚ್ಚಿ ಈಗಿಂದೀಗ ಮೈ, ಕಿವಿ ತೊಳೀರಿ. ಉಗುರುಬೆಚ್ಚನ ನೀರು, ಬಿಸಿ ಬ್ಯಾಡ. ಒರಿಸಿ, ಟವೆಲಿನ್ಯಾಗ ಸುತ್ತಿ ತಗೊಂಡ್ ಬರ್ರಿ. ನೆಕ್ಕಾಕ ಬಿಡಬ್ಯಾಡ್ರಿ."

ತೊಳೆದೆವು. ಅಪ್ಪನ ಸ್ಕೂಟರ್ ಹಿಂದೆ ಅಜ್ಜಿ, ಅವರ ಎದೆಗೆ ಅವುಚಿದ ಟವೆಲಿನ ಗಂಟು. ದಾರಿಯುದ್ದಕ್ಕೂ ಆ ನಡುಕ ಅಜ್ಜಿಯ ಕೈ ದಾಟಿ ನನ್ನ ಬೆನ್ನಿಗೆ ತಾಗುತ್ತಿತ್ತು. ಅದು ಬೆಕ್ಕಿನದೋ ಅಜ್ಜಿಯದೋ ತಿಳಿಯಲಿಲ್ಲ.

ಡಾಕ್ಟರು ಇಂಜೆಕ್ಷನ್ ಕೊಟ್ಟರು, ಕಾಲು ಬೋಳಿಸಿ ಡ್ರಿಪ್ ಹಾಕಿದರು, ಬೆಚ್ಚನೆ ನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ನಡುಕ ಸ್ವಲ್ಪ ಇಳಿದ ಮೇಲೆ ಅಜ್ಜಿಯ ಕಡೆ ತಿರುಗಿದರು.

"ದನದ ಔಷಧ ಬೆಕ್ಕಿಗೆ ವಿಷ ರೀ ಅಮ್ಮಾರ. ನೀರು ಬೆರಸಿದ್ರೂ ವಿಷಾನ. ಯಾರ್ರೀ ಹೇಳಿದ್ದು ನಿಮಗ?"

"ನೀವೇ ಹೇಳಿದ್ರಲ್ಲ ಸ್ವಾಮಿ."

"ನಾನಾ?"

"ಊ. ಬೆಳಿಗ್ಗೆ ಫೋನ್‌ನಾಗೆ. ಎರಡು ತೊಟ್ಟು ಹಚ್ರಿ ಅಂದ್ರಿ."

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ಮುಖ ಬಿಳಿಚಿಕೊಂಡಿತು. ಜೇಬಿನಿಂದ ಫೋನ್ ತೆಗೆದು ಬೆಳಗಿನ ಕರೆಗಳನ್ನು ಒಂದೊಂದೇ ನೋಡತೊಡಗಿದರು. "ಭಾಳ ಮಂದಿ ಮಾಡ್ತಾರ್ರಿ... ಹಸಾಂದು ಅಂತ ತಿಳದು ನಾನೇ ಅಂದೆನೋ ಏನೋ..." ಎಂದು ತಮಗೆ ತಾವೇ ಅಂದುಕೊಂಡು, ಅಜ್ಜಿಗೆ ಕೈ ಮುಗಿಯಲು ಹೋದರು. "ನನ್ನಿಂದ ತಪ್ಪಾಗಿದ್ರ, ಅಮ್ಮಾರ..."

ನಾನು ಕದ್ದದ್ದು ಅವರ ದನಿಯನ್ನು ಮಾತ್ರ, ಅವರ ಓದನ್ನಲ್ಲ. ಆದರೆ ಆ ದನಿ ಎಷ್ಟು ಚೆನ್ನಾಗಿತ್ತೆಂದರೆ ದನಿಯ ಯಜಮಾನರೇ ತಮ್ಮನ್ನು ತಾವು ನಂಬದ ಹಾಗಾಗಿತ್ತು.

"ಅದು ನಾನು ಸಾರ್," ಅಂದೆ. ಸ್ವಂತ ದನಿ ಅಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ. "ತಮಾಷೆಗೆ."

ಡಾಕ್ಟರು ನನ್ನನ್ನು ನೋಡಿದರು. ಅಜ್ಜಿಗೆ ಅರ್ಥವಾಗಲಿಲ್ಲ. "ಇವ್ನಲ್ಲ ಸ್ವಾಮಿ, ನೀವೇ. ನಂಗೆ ಕಿವಿ ಕೇಳಾಕಿಲ್ವಾ?"

"ಹೇಳು," ಅಂದರು ಡಾಕ್ಟರು. "ಹೆಂಗ ಹೇಳಿದ್ಯೋ ಹಂಗ. ಅವರ ಮುಂದ ಹೇಳು."

ಹೇಳಿದೆ. ಕೆಮ್ಮಿ, ನಮಸ್ಕಾರ್ರೀ ಅಮ್ಮಾರ ಎಂದು ಶುರು ಮಾಡಿ, ಎರಡು ತೊಟ್ಟಿನವರೆಗೆ, ತಿಳೀತಿಲ್ರಿ ಅನ್ನುವವರೆಗೆ. ಅಜ್ಜಿ ಕಾಯಿಗೆ ಕಿವಿ ಕೊಡುವಾಗ ಮಾಡುವಂತೆ ಕಣ್ಣು ಅರೆಮುಚ್ಚಿ ಕೇಳಿದರು. ಮುಗಿದ ಮೇಲೆ ಬೆಕ್ಕಿನ ಕಡೆ ತಿರುಗಿ ಟವೆಲು ಸರಿಮಾಡಿದರು. ಒಂದು ಬೈಗುಳ ಬಿದ್ದಿದ್ದರೆ ಉಸಿರಾಡುತ್ತಿದ್ದೆ.

ಆಮೇಲೆ ಡಾಕ್ಟರು ಬೆಕ್ಕಿನ ಕಿವಿಯ ಬುಡವನ್ನು ಬೆರಳಲ್ಲಿ ಒತ್ತಿ, ಬಗ್ಗಿ ಕೇಳಿದರು. ಪಚಪಚ. ಅಜ್ಜಿ ವಾರದ ಹಿಂದೆಯೇ ಹೀಗೆ ಕೇಳಿ ಒಳಗೆ ನೀರಿದೆ ಅಂದಿದ್ದರು ಎಂದು ನಾನೇ ಬಾಯಿಬಿಟ್ಟೆ. ಒಳಗೆ ಉಳಿದಿದ್ದ ಒಂದು ಚೂರು ಕಪ್ಪು ಕೊಳೆಯನ್ನು ಕಪ್ಪು ಕಾಗದದ ಮೇಲೆ ಇಟ್ಟು ಭೂತಗನ್ನಡಿ ಕೊಟ್ಟರು. ಕೊಳೆಯ ಅಂಚಿನಲ್ಲಿ ಬಿಳಿ ಚುಕ್ಕಿಗಳು. ನೋಡುತ್ತಿದ್ದ ಹಾಗೆ ಚುಕ್ಕಿಗಳು ನಡೆದವು. ನನ್ನ ಎರಡೂ ಕಿವಿ ಜುಮ್ಮೆಂದವು. ಟೀ ಅಂಗಡಿಯಲ್ಲಿ ನಾನು ಚಪ್ಪಾಳೆ ಗಿಟ್ಟಿಸಿದ್ದು ಇವು ಒಳಗೆ ಹರಿದಾಡುತ್ತಿದ್ದುದಕ್ಕೆ.

"ನುಸಿ ರೀ," ಅಂದರು ಡಾಕ್ಟರು.

ಅಜ್ಜಿ ಬೆಚ್ಚಿಬಿದ್ದರು. ನುಸಿ ಅಂದರೆ ನಮ್ಮಲ್ಲಿ ತೆಂಗಿಗೆ ಬರುವ ರೋಗ. ಕಾಯಿ ಸಣ್ಣದಾಗಿ ಮೈಯೆಲ್ಲ ಕಂದು ಹುರುಕಾಗುವುದನ್ನು ಕಂಡು ನೊಂದವರು ಅವರು. "ಅಯ್ಯೋ, ಅಟ್ಟದಾಗೆ ಕಾಯಿ ಮಧ್ಯ ಮಲಗ್ತಿತ್ತು, ಕಾಯಿಂದ ಹತ್ಕೊಂತಾ?"

"ಅದು ಬ್ಯಾರೆ ನುಸಿ, ಇದು ಬ್ಯಾರೆ. ಇದು ಬೆಕ್ಕಿಂದ ಬೆಕ್ಕಿಗೆ, ನಾಯಿಗೆ ದಾಟ್ತೈತಿ. ನಿಮ್ಮ ನಾಯಿನೂ ತೋರಸ್ರಿ. ಮೊದಲು ಇದು ಬದುಕಲಿ, ಆಮ್ಯಾಲೆ ಕಿವಿ ಸ್ವಚ್ಛ ಮಾಡಿ ಬೆಕ್ಕಿಗೇ ಅಂತ ಇರೂ ಔಷಧ ಹಾಕೂಣು. ಒಮ್ಮೆ ಹಾಕಿ ಬಿಡೂದಲ್ಲ, ಮೊಟ್ಟಿ ಒಡದು ಮತ್ತ ಬರ್ತಾವ. ಮೂರು ವಾರ ಬಿಟ್ಟು ಮತ್ತ ನೋಡಬೇಕು." ಆಮೇಲೆ, "ಒಳಗ ನೀರೈತಿ ಅಂದಿದ್ರಂತಲ್ಲ ನೀವು. ಖರೇ ಐತ್ರಿ ಅಮ್ಮಾರ," ಅಂದರು.

ಎರಡನೇ ದಿನದ ಮಧ್ಯಾಹ್ನ ಬೆಕ್ಕು ಎದ್ದು ನಿಂತಿತು. ಮೂರನೇ ದಿನ ಹಾಲು ಕುಡಿಯಿತು. ಆಮೇಲೆ ಅದರ ಕಿವಿಗೂ ನಾಯಿಯ ಕಿವಿಗೂ ಔಷಧಿ ಬಿಡುವ ಕೆಲಸ ನನ್ನದಾಯಿತು. ಕೈಯಲ್ಲಿ ಬಾಟಲಿ ಕಂಡರೆ ನಾಯಿ ಮಂಚದ ಕೆಳಗೆ, ಬೆಕ್ಕು ಅಟ್ಟದ ಮೇಲೆ. ನನ್ನ ಕೈ ಮೇಲೆ ಗೀರುಗಳು. ಕ್ರಾಸಿನಲ್ಲಿ ಗೆಳೆಯರು "ಬೆಕ್ಕು ಮಾಡ್ಲಾ" ಎಂದಾಗ ಗೀರು ತೋರಿಸಿದೆ. ಅವರು ಅದನ್ನೂ ಹೊಸ ಐಟಂ ಎಂದುಕೊಂಡು ನಕ್ಕರು.

ಮೂರು ವಾರವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ನಾನು ಅಟ್ಟದ ಮೇಲಿದ್ದೆ. ಕೆಳಗೆ ಅಜ್ಜಿಯ ಫೋನ್ ಬಡಿದುಕೊಂಡಿತು. ಅಜ್ಜಿ ಎತ್ತಿ ಅರೆಗಳಿಗೆ ಕೇಳಿ, "ಬುಡ್ಲಾ ಸಾಕು! ಒಂದ್ಸಲ ಸಾಲ್ದಾ ನಿಂಗೆ?" ಎಂದು ಕತ್ತರಿಸಿಬಿಟ್ಟರು. ಎರಡು ನಿಮಿಷಕ್ಕೆ ನನ್ನ ಮೊಬೈಲು ಬಂತು.

ಕೆಮ್ಮು. "ಏನಪಾ, ಬೆಕ್ಕು ಹೆಂಗೈತಿ ಅಂತ ಕೇಳಿದ್ರ ನಿಮ್ಮಜ್ಜಿ ನನಗ ಬೈದು ಇಟ್ರಲ್ಲೋ?"

ನಾನು ಏಣಿ ಇಳಿದು ಓಡಿದೆ. "ಅಜ್ಜಿ, ಈಗ ಮಾಡಿದ್ದು ದಿಟವಾಗ್ಲೂ ಡಾಕ್ಟ್ರೇ ಕಣಜ್ಜಿ. ದೇವ್ರಾಣೆ. ನಾನು ಅಟ್ಟದ ಮ್ಯಾಲಿದ್ದೆ."

"ನೀನು ಹಂಗೇ ಅಂತೀಯ," ಅಂದರು ಅಜ್ಜಿ. ಸಿಟ್ಟಿನಿಂದಲ್ಲ, ಇವತ್ತು ಬಿಸಿಲು ಜಾಸ್ತಿ ಅನ್ನುವ ಹಾಗೆ.

ನನ್ನ ಬಳಿ ಅಷ್ಟೊಂದು ದನಿಗಳಿದ್ದವು. ಅಜ್ಜಿ ನಂಬುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ. ಕಂಬಕ್ಕೆ ಒರಗಿ ನಿಂತೆ. ಅಜ್ಜಿ ಬೆಕ್ಕನ್ನು ಮಡಿಲಿಗೆ ಎಳೆದುಕೊಂಡರು. ಕಿವಿಯ ಬುಡವನ್ನು ಮೆಲ್ಲಗೆ ಹಿಸುಕಿ ತಮ್ಮ ಕಿವಿ ಕೊಟ್ಟರು. ಒಂದು ಕಡೆ ಆಯಿತು, ಇನ್ನೊಂದು ಕಡೆಯೂ ಆಯಿತು. ಬೆಕ್ಕು ತಲೆ ಕೊಡವಲಿಲ್ಲ.

"ನೀರಿಲ್ಲ," ಅಂದರು. ನನಗಲ್ಲ, ಬೆಕ್ಕಿಗೆ.