ಕೊನೇ ಗಾಡಿಯ ಹಾರ್ನು

ಆಳದ ಗುಂಡಿಗೆ ಆಕಾಶದ ಸಿಗ್ನಲ್ ಇಳಿಯುವುದಿಲ್ಲ. ಇದಕ್ಕೆ ಓದು ಬೇಕಿಲ್ಲ, ಬಾವಿಗಿಳಿದು ಫೋನ್ ಮಾಡಿ ನೋಡಿದರೆ ಸಾಕು. ಅದಕ್ಕೇ ನಮ್ಮೂರ ಕಲ್ಲುಕ್ವಾರಿಯ ಟಿಪ್ಪರ್‌ಗಳಿಗೆ ಹೋದ ವರ್ಷ ಒಂದೊಂದು ರೇಡಿಯೊ ಡಬ್ಬಿ ಕೂರಿಸಿದರು. ಗಾಡಿಗಳು ತಮ್ಮತಮ್ಮಲ್ಲೇ ದೂರ ಅಳೆದುಕೊಂಡು, ಮೇಲಿನ ಆಫೀಸಿನ ಪರದೆಯಲ್ಲಿ ಚುಕ್ಕೆಗಳಾಗಿ ಕಾಣುತ್ತವೆ. ಆದರೆ ಹತ್ತಿರದಲ್ಲಿ ಇನ್ನೂ ಮೂರು ಗಾಡಿ ಇರಬೇಕು. ಇಲ್ಲದಿದ್ದರೆ ಚುಕ್ಕೆ ಹಿಂದೆ ಕಂಡ ಜಾಗದಲ್ಲೇ ನಿಂತುಬಿಡುತ್ತದೆ.

ಹಾರ್ನ್ ಮಾವ ಅಲ್ಲಿ ಇಪ್ಪತ್ತೆರಡು ವರ್ಷ ಟಿಪ್ಪರ್ ಓಡಿಸಿದವನು. ಪ್ರತಿ ತಿರುವಿನಲ್ಲೂ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಡಬ್ಬಿ ಬಂದಮೇಲೂ ಬಿಡಲಿಲ್ಲ.

"ಇನ್ನೂ ಯಾಕೆ ಮಾವ ನಮ್ಮ ಕಿವಿ ಹರೀತೀಯ?" ಎಂದು ಜೊತೆಯ ಡ್ರೈವರ್‌ಗಳು ಕಿಚಾಯಿಸುತ್ತಿದ್ದರು.

"ಡಬ್ಬಿಗೆ ನೆಂಟರಿಷ್ಟರೆಲ್ಲ ಬೇಕು ಕಣ್ರಪ್ಪಾ. ಹಾರ್ನಿಗೆ ಒಂದು ಕಿವಿ ಸಾಕು."

ಮಧ್ಯಾಹ್ನ ಮೂರಕ್ಕೆ ಪಾಳಿ ಮುಗಿದು ಎಲ್ಲ ಗಾಡಿಗಳೂ ಗೇಟಿಗೆ ಬರುತ್ತವೆ. ತಳದಲ್ಲಿರುವ ನೀರಿನ ಪಂಪು ತರಲು ಒಂದೇ ಒಂದು ಗಾಡಿ ಮತ್ತೆ ಇಳಿಯಬೇಕು. ಆ ಬುಧವಾರ ಇಳಿದವನು ಮಾವ. ಕ್ವಾರಿಯ ಬಂಡೆಗೋಡೆ ಅವನ ಗಾಡಿಯ ಮೇಲೆ ಕುಸಿಯಿತು. ಧೂಳಿನೊಳಗಿಂದ ಹಾರ್ನ್ ಕೇಳತೊಡಗಿತು, ಎರಡೆರಡು ಸಲ.

ಅಲ್ಲೇ ಡ್ರೈವರ್ ಆಗಿರುವ ಅವನ ತಮ್ಮ ಆಫೀಸಿಗೆ ಓಡಿದ. "ಸಾರ್, ನಮ್ಮಣ್ಣ ಕೆಳಗಿದಾನೆ!"

ಸೂಪರ್‌ವೈಸರ್ ಪರದೆ ತೋರಿಸಿದ. "ಗೇಟ್ ಹತ್ರ ಇದಾನಲ್ಲಯ್ಯ. ಕೆಳಗೆ ಯಾರೂ ಇಲ್ಲ."

"ಗೇಟ್ ನೋಡ್ಕೊಂಡೇ ಬಂದೆ ಸಾರ್. ಅವನ ಗಾಡಿ ನಿಲ್ಲೋ ಜಾಗದಲ್ಲಿ ನಾಯಿ ಮಲಗಿದೆ."

"ಟೀ ಕುಡಿಯೋಕೆ ಹೋಗಿರ್ತಾನೆ ಬಿಡು."

"ಟಿಪ್ಪರೂ ಟೀ ಕುಡಿಯೋಕೆ ಹೋಯ್ತಾ ಸಾರ್?"

ಅಗೆಯುವ ಯಂತ್ರ ಇಳಿಸುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಹಾರ್ನ್ ಮೂವತ್ತನೇ ನಿಮಿಷಕ್ಕೇ ನಿಂತಿತ್ತು.

ಈಗ ಕ್ವಾರಿಯವರ ವರದಿ ಬಂದಿದೆ: ಬಂಡೆ ಬಿದ್ದ ಕ್ಷಣದಲ್ಲೇ ಸಾವು, ತಡವಾದ ಮಾತೇ ಇಲ್ಲ. ಹಾಗಾದರೆ ಅರ್ಧ ಗಂಟೆ ಹಾರ್ನ್ ಹೊಡೆದದ್ದು ಹೆಣವೇ? ತಮ್ಮ ಕೇಳಿಸಿಕೊಂಡದ್ದು ದುಃಖದ ಭ್ರಮೆಯಂತೆ. ಜೊತೆಯವರನ್ನು ಕೇಳಿದರೆ ಗಾಡಿ ಒರೆಸಲು ಎದ್ದು ಹೋಗುತ್ತಾರೆ. ನಾಳೆ ಅವರೂ ಅದೇ ಗುಂಡಿಗೆ ಇಳಿಯಬೇಕು. ಪಂಪು ತರಲು ಈಗಲೂ ಒಂಟಿ ಗಾಡಿಯೇ ಹೋಗುತ್ತಿದೆ. ನ್ಯಾಯ ಸಿಗುತ್ತದೆಂದು ನಾನು ಯಾರಿಗೂ ಹೇಳುವುದಿಲ್ಲ, ನನಗೇ ನಂಬಿಕೆಯಿಲ್ಲ.

ಆದರೆ ಕ್ವಾರಿಯ ನೆತ್ತಿಯ ಮೇಲೇ ಬಸ್‌ಸ್ಟಾಪಿದೆ. ಮೂರು ಗಂಟೆಗೆ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಅವತ್ತು ಅಲ್ಲಿ ನೀವಿದ್ದಿರಿ. "ಯಾರಪ್ಪಾ ಇವನು, ತಲೆನೋವು" ಎಂದು ಬೈದುಕೊಂಡೇ ಬಸ್ ಹತ್ತಿದಿರಿ. ಈ ಸಾವಿನ ಬಗ್ಗೆ ತಾಲ್ಲೂಕು ಕಚೇರಿಯಲ್ಲಿ ನಡೆಯುತ್ತಿರುವ ವಿಚಾರಣೆ ಶುಕ್ರವಾರ ಮುಗಿಯುತ್ತದೆ. ಅಷ್ಟರೊಳಗೆ ಹೋಗಿ, ಹಾರ್ನ್ ಕೇಳಿಸಿತು ಎಂದು ಬರೆದು ಸಹಿ ಹಾಕಿ.