ನಮ್ಮ ಬಾವಿ, ಅವರ ಮಿಡತೆ, ಮುರಿದ ನಿಶ್ಚಯ

ನನಗೆ ಮಾವನಾಗಬೇಕಿದ್ದ ಚೆನ್ನಬಸಪ್ಪನವರು ಒಂದು ಮುಂಜಾನೆ ನಮ್ಮ ಮನೆಗೆ ಬಂದು, ನಮ್ಮ ಹೊಲದ ಮಿಡತೆಗಳು ತಮ್ಮ ಜೋಳ ತಿಂದವು ಎಂದು ಅಪ್ಪನ ಮೇಲೆ ತಕರಾರು ತೆಗೆದರು.

ತಮಾಷೆ ಮಾಡುತ್ತಿಲ್ಲ. ಎಪ್ಪತ್ತರ ದಶಕದ ಶಲವಡಿ ಅದು. ಅವರ ಮಗ ಈರಣ್ಣನ ಜೊತೆ ನನ್ನ ಮದುವೆ ನಿಶ್ಚಯವಾಗಿತ್ತು. ಎರಡೂ ಮನೆಯ ಹೊಲ ಬಾಜೂಬಾಜು, ನಡುವೆ ಒಂದು ಒಡ್ಡು ಅಷ್ಟೇ.

ಆ ವರ್ಷ ಮುಂಗಾರಿ ಜೋಳ ಮೊಣಕಾಲೆತ್ತರ ಬರುವಷ್ಟರಲ್ಲಿ ಮಿಡತೆ ಬಿದ್ದವು. ಎಲೆಯ ನಡುವಿನ ನರವೊಂದನ್ನು ಬಿಟ್ಟು ಉಳಿದದ್ದೆಲ್ಲ ಖಾಲಿ.

ಊರಿನಲ್ಲಿ ದೊಡ್ಡ ರೇಡಿಯೋ ಇದ್ದದ್ದು ಚೆನ್ನಬಸಪ್ಪನವರ ಮನೆಯಲ್ಲಿ. ಹಾಗಾಗಿ ಜಗತ್ತಿನ ವಿಷಯವೆಲ್ಲ ತಮಗೇ ಗೊತ್ತು ಎಂಬ ನಂಬಿಕೆ ಅವರಿಗೆ. ಇವು ಅರಬಸ್ತಾನದಿಂದ ಸಮುದ್ರ ದಾಟಿ ಹಾರಿ ಬಂದ ಮಿಡತೆ, ಸಪ್ಪಳ ಮಾಡಿದರೆ ಮುಂದೆ ಹಾರಿ ಹೋಗುತ್ತವೆ ಎಂದರು.

ಸರಿ, ಎರಡೂ ಮನೆಯವರು ಡಬ್ಬಿ ಬಡಿದೆವು. ಹಸಿ ಕಸ ಸುಟ್ಟು ಹೊಗೆ ಹಾಕಿದೆವು. ಕೆಮ್ಮಿದ್ದು ನಾವು... ಮಿಡತೆಗಳು ಕೂತಲ್ಲೇ ಊಟ ಮುಂದುವರಿಸಿದವು.

ಆಮೇಲೆ ಅರಬಸ್ತಾನ ಹೋಗಿ ನಮ್ಮ ಹೊಲ ಬಂತು. ಮಿಡತೆ ನಮ್ಮ ಹೊಲದಲ್ಲಿ ಹುಟ್ಟಿ, ಒಡ್ಡಿನ ಮೇಲಿಂದ ಹಾರಿ ಅವರ ಕಡೆ ಹೋದವಂತೆ. ಅದಕ್ಕೆ ಪರಿಹಾರವನ್ನೂ ಅವರೇ ತಂದಿದ್ದರು.

"ಒಡ್ಡಿನ ಬಾಜೂಕಿನ ಪಟ್ಟಿ ನಮಗ ಬಿಟ್ಟಬಿಡ್ರಿ. ನಾವ ಸ್ವಚ್ಛ ಇಟ್ಕೋತೀವಿ. ಹೆಂಗೂ ಬೀಗರಾಗೋರು."

ಆ ಪಟ್ಟಿಯಲ್ಲೇ ನಮ್ಮ ಬಾವಿ ಇತ್ತು. ಸುತ್ತಲಿನ ಬಾವಿಗಳಲ್ಲೆಲ್ಲ ಸವುಳು ನೀರು, ನಮ್ಮದೊಂದರಲ್ಲೇ ಸಿಹಿನೀರು. ಮಿಡತೆಗಳು ಎಷ್ಟು ಲೆಕ್ಕಾಚಾರದಿಂದ ಜಾಗ ಹುಡುಕಿ ಹುಟ್ಟಿದ್ದವು ನೋಡಿ.

ಅಪ್ಪ ಇಲ್ಲ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಮಗಳ ಮದುವೆ ಎದುರಿಗಿತ್ತಲ್ಲ. ವಿಷಯ ಗುಡಿಯ ಕಟ್ಟೆಗೆ ಹೋಯಿತು. ಊರಿನ ಜಗಳಗಳಿಗೆ ನಡುವೆ ಕೂತು ಮಾತಾಡುತ್ತಿದ್ದ ಹಿರಿಯರಾದ ಹುಸೇನಸಾಬ ಕಾಕಾ ಬಂದರು. ಈರಣ್ಣನೂ ಬಂದು ತನ್ನ ಅಪ್ಪನ ಹಿಂದೆ ಕೂತ. ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದೇ ಅವನ ಕೆಲಸ.

ಹೆಣ್ಣುಮಕ್ಕಳು ಕಟ್ಟೆಯ ಹತ್ತಿರ ಹೋಗುವ ರೂಢಿ ಇರಲಿಲ್ಲ. ಆದರೆ ಅವ್ವ ಮತ್ತು ನಾನು ಕೈಯಿಂದ ಮಿಡತೆ ಆರಿಸಿ ಆರಿಸಿ ಸೋತಿದ್ದೆವು. ಅವುಗಳಲ್ಲಿ ಒಂದೂ ಹಾರಿದ್ದನ್ನು ನಾನು ಕಂಡಿರಲಿಲ್ಲ. ಒಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಕಾಕಾ ಅವರ ಮುಂದೆ ಬಿಟ್ಟೆ.

"ಕಾಕಾ, ಇದಕ್ಕ ರೆಕ್ಕಿನ ಇಲ್ರಿ. ಇವರು ಇದನ್ನ ಹಾರಿಸಿ ತೋರಸ್ಲಿ, ಬಾವಿ ಅವರಿಗೇ ಬಿಡ್ತೀವಿ."

ಅಪ್ಪನ ಮುಖ ಬಿಳಿಚಿಕೊಂಡಿತು.

ಚೆನ್ನಬಸಪ್ಪನವರು ಅದನ್ನು ಹಿಡಿದು ಮೇಲಕ್ಕೆ ತೂರಿದರು. ಪಟ್ಟನೆ ಕೆಳಗೆ ಬಿತ್ತು. ಮತ್ತೆ ತೂರಿದರು, ಮತ್ತೆ ಬಿತ್ತು. ಆಮೇಲೆ ಅದು ಕುಪ್ಪಳಿಸಿ ನೇರ ಅವರ ಧೋತರದೊಳಗೆ ಹೊಕ್ಕಿತು. ಊರಿನ ದೊಡ್ಡ ಮನುಷ್ಯ ಕಟ್ಟೆಯ ಮೇಲೆ ಕುಣಿಯುವುದನ್ನು ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

"ಹಾರಿಲ್ಲಂದ್ರ ನಡಕೊಂಡ ಬಂದಾವು" ಎಂದರು ಧೋತರ ಸರಿ ಮಾಡಿಕೊಳ್ಳುತ್ತ.

"ಹೌದ್ರಿ. ಎಲ್ಲಿಂದ ನಡದಾವು ಅಂತ ಹೋಗಿ ನೋಡೂಣು ಬರ್ರಿ" ಎಂದು ಕಾಕಾ ಎದ್ದರು.

ಎಲ್ಲರೂ ಹೊಲಕ್ಕೆ ಹೋದೆವು. ನಮ್ಮ ಕಡೆ ಒಡ್ಡಿನ ಬುಡದವರೆಗೂ ಅಪ್ಪ ನೇಗಿಲು ಹೊಡೆದಿದ್ದರು. ಅವರ ಕಡೆ ಎಷ್ಟೋ ವರ್ಷದಿಂದ ನೇಗಿಲು ಕಾಣದ ಹುಲ್ಲು. ಅದರಲ್ಲಿ ಕಾಲಿಟ್ಟರೆ ಸಾಕು, ಮರಿಗಳು ಪುಟಪುಟ ಜಿಗಿಯುತ್ತಿದ್ದವು.

ಬಾವಿ ನಮಗೇ ಉಳಿಯಿತು. ಸುಗ್ಗಿಯಾದ ಮೇಲೆ ಆ ಹುಲ್ಲು ಹರಗಿ, ಮಣ್ಣಿನೊಳಗಿನ ತತ್ತಿ ಬಿಸಿಲಿಗೆ ಬೀಳುವಂತೆ ಮಾಡಬೇಕೆಂದು ಕಾಕಾ ಚೆನ್ನಬಸಪ್ಪನವರಿಗೇ ಹೇಳಿದರು.

ಮರುದಿನ ನಾನು ನೀರು ಸೇದುವಾಗ ಈರಣ್ಣ ಬಂದ.

"ಎಲ್ಲಾರ ಮುಂದ ಅಪ್ಪಗ ಹಂಗ ಅನಬಾರದಿತ್ತು ನೀ. ಒಮ್ಮೆ ಬಂದು ಕಾಲಿಗೆ ಬೀಳು, ಮುಗೀತದ."

"ಬಾವಿ ಕೇಳಿದ್ದು ತಪ್ಪು ಅಂತ ನೀವು ನಿಮ್ಮ ಅಪ್ಪಗ ಹೇಳಿದ್ರೇನ್ರಿ?"

ಅವನು ಒಂದು ಚರಿಗೆ ನೀರು ಕೇಳಿ ಇಸಿದುಕೊಂಡು ಕುಡಿದ. "ನೀರು ಅಗದಿ ಸಿಹಿ ಅದ" ಎಂದು ಹೇಳಿ ಹೋದ.

ಅಷ್ಟೇ. ನನ್ನ ಜೀವನದ ಒಂದೇ ಪ್ರೇಮ ಸಂಭಾಷಣೆ.

ನಾನು ಕಾಲಿಗೆ ಬೀಳಲಿಲ್ಲ, ವಾರದೊಳಗೆ ಅವರು ನಿಶ್ಚಯ ಮುರಿದರು. ಅವ್ವ ಅತ್ತಳು. ನಾನೂ ಒಂದು ರಾತ್ರಿ ಅತ್ತೆ, ಅವನ ಮೀಸೆ ಚೆನ್ನಾಗಿತ್ತು. ಅಪ್ಪ ಮಾತ್ರ ಅಂದು ನನ್ನ ತಾಟಿಗೆ ತಾವೇ ತುಪ್ಪ ಬಡಿಸಿದರು.

ಆಮೇಲೆ ನನ್ನನ್ನು ಗುಡಗೇರಿಗೆ ಕೊಟ್ಟರು, ಚೆನ್ನಾಗಿಯೇ ಇದ್ದೇನೆ. ಶಲವಡಿಯಲ್ಲಿ ಮಾತ್ರ ಇವತ್ತಿಗೂ ಆ ಮನೆಯವರು ಹೇಳುವುದು, "ಸಾಲಾವಳಿ ಕೂಡಲಿಲ್ಲ" ಎಂದೇ, ಅಂದರೆ ಜಾತಕ ಹೊಂದಲಿಲ್ಲ ಎಂದು.

ನಿಮ್ಮ ಮನೆಯಲ್ಲೂ ಯಾರದೋ ಸಾಲಾವಳಿ ಕೂಡದೆ ಮದುವೆ ಮುರಿದಿರಬೇಕಲ್ಲ... ಅಲ್ಲಿ ನಿಜವಾಗಿ ಕೂಡದಿದ್ದದ್ದು ಏನು?